ಕಾದಂಬರಿಯಿಂದ ಮಾಂಗಾದವರೆಗೆ

ಇಂಗ್ಲಿಷರು ನಾವೆಲ್ ಎಂದು ಕರೆಯುವ ಗ್ರಂಥಪ್ರಕಾರಕ್ಕೆ ನಾವು ಕನ್ನಡಿಗರು ಕಾದಂಬರಿಯೆಂದು ಹೆಸರಿಟ್ಟುಕೊಂಡಿರುವೆವು. ನೆರೆಯ ಮರಾಠಿಗರೂ ಹಾಗೆಯೇ ಕರೆಯುವರು. ಏಳನೆಯ ಶತಮಾನದಲ್ಲಿ ಹರ್ಷಚಕ್ರವರ್ತಿಯ ಆಶ್ರಯದಲ್ಲಿದ್ದ ಬಾಣಭಟ್ಟನು ಬರೆಯತೊಡಗಿ, ಮುಗಿಯುವದರೊಳಗೆ ತೀರಿಕೊಂಡು, ಅವನ ಮಗನು ಪೂರ್ತಿಗೊಳಿಸಿದ ಗದ್ಯಕಾವ್ಯದ ನಾಯಿಕೆಯೇ ಈ ಕಾದಂಬರಿ. ಒಬ್ಬ ಹೆಣ್ಣುಮಗಳ ಹೆಸರು ಇಡಿಯ ಒಂದು ವಾಙ್ಮಯಪ್ರಕಾರಕ್ಕೆ ನಿಂತುಹೋಯಿತು. ಆ ಗ್ರಂಥದಲ್ಲಿರುವದಾದರೂ ಏನು? ರಾಜನ ಮುಂದೆ ತನ್ನ ಪೂರ್ವಜನ್ಮದ ಕಥೆ ಹೇಳುವ ಗಿಳಿ, ಶಾಪ, ಜನ್ಮಾಂತರ, ಗಂಧರ್ವಲೋಕ, ಮೃತನಾದ ಪ್ರಿಯನ ಕೆಡದ ದೇಹವನ್ನು ಕಾಯುತ್ತ ಕುಳಿತ ತರುಣಿ. ಇಂದು ನಮ್ಮ ಮಕ್ಕಳು ಫ್ಯಾಂಟಸಿ ಎಂದೂ ರೋಮಾನ್ಸ್ ಎಂದೂ ಎರಡು ಹೆಸರಿನಿಂದ ಕೊಂಡು ತರುವ ಪುಸ್ತಕಗಳ ಸಾಮಗ್ರಿಯೆಲ್ಲ ಅಲ್ಲಿ ಒಂದೇ ಕಟ್ಟಿನಲ್ಲಿರುವದು.

ಹೀಗಿದ್ದೂ ಮಗಳು ಅಂಥದೊಂದು ಪುಸ್ತಕ ಹಿಡಿದು ಪಡಸಾಲೆಯಲ್ಲಿ ಕುಳಿತರೆ ತಂದೆಯ ಹುಬ್ಬು ಗಂಟಿಕ್ಕುವದು ತಪ್ಪಲಿಲ್ಲ. ಕಾವ್ಯದ ಹರಟೆಯನ್ನು ಬಿಡತಕ್ಕದ್ದೆಂಬ ಹಳೆಯ ನಿಷೇಧವೊಂದು ನಮ್ಮ ಶಾಸ್ತ್ರಿಗಳ ಬಾಯಲ್ಲಿ ಬಹುಕಾಲದಿಂದ ಇರುವದು. ಅದೇ ಶಾಸ್ತ್ರಿಗಳು ಶಾಕುಂತಲವನ್ನು ಪಾಠ ಹೇಳುವಾಗ ಕಣ್ಣೊರಸಿಕೊಳ್ಳುವದನ್ನು ನಾನು ಕಂಡಿರುವೆನು. ಅದಿರಲಿ. ಸಂಸ್ಕೃತವನ್ನು ಕಲಿಸಿ ನಿವೃತ್ತನಾದ ಮೇಲೆ ಮಿಶ್ರಿಕೋಟಿಯ ನಮ್ಮ ಮನೆಯಲ್ಲಿ ನನಗೆ ಹೊತ್ತು ಸಾಕಷ್ಟಿರುವದು. ಈ ಎರಡು ವರ್ಷಗಳಲ್ಲಿ, ಮನೆಯ ಕಿರಿಯರು ಓದುವ ಪುಸ್ತಕಗಳನ್ನು ಅವರಿಂದಲೇ ಕೇಳಿ ಪಡೆದು ಓದುತ್ತ ಬಂದೆನು. ಯಾವದು ಮನಸ್ಸಿಗೆ ಹಿಡಿಸಿತು, ಯಾವದು ಹಿಡಿಸಲಿಲ್ಲವೆಂಬದನ್ನು ವಾಚಕರ ಮುಂದಿಡುವೆನು. ವಿಮರ್ಶಕನ ಪಟ್ಟ ನನಗೆ ಬೇಕಿಲ್ಲ.

ಮೊದಲು ಅದ್ಭುತದ ಮಾತು. ನನ್ನ ವಯಸ್ಸಿನವರಿಗೆ ಇದರ ದೀಕ್ಷೆಯನ್ನು ಕೊಟ್ಟದ್ದು 'ಚಂದಮಾಮ'. 1947ರಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು ಮದ್ರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿ, ಬಳಿಕ ಕನ್ನಡಕ್ಕೂ ತಂದ ಈ ಮಾಸಪತ್ರಿಕೆಯು ಈಗ ನಿಂತುಹೋಗಿದೆ. ಆದರೆ ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ರಾಜನ ಆ ಚಿತ್ರವನ್ನು ಯಾರು ಮರೆತಾರು? ಅದನ್ನು ಬರೆದ ಶಂಕರ್ ಅವರು 2020ರಲ್ಲಿ ತೀರಿಕೊಂಡರು. ಬೇತಾಳನ ಇಪ್ಪತ್ತೈದು ಕಥೆಗಳು ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ ಕಥಾಸರಿತ್ಸಾಗರದಲ್ಲಿರುವವು. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಆ ಕಥೆಗಳ ಶಕ್ತಿಯು ಹೆಣ ಮಾತಾಡುವದರಲ್ಲಿಲ್ಲ, ನಿಯಮದಲ್ಲಿದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುವದು. ಹೇಳಿದರೆ ಮೌನ ಮುರಿದು ಹೆಣವು ಮರಕ್ಕೆ ಮರಳುವದು. ನ್ಯಾಯ ತಿಳಿದವನಿಗೆ ಸುಮ್ಮನಿರುವ ದಾರಿಯಿಲ್ಲ, ಮಾತಾಡಿದರೆ ಕೆಲಸ ಕೆಡುವದು. ಊರಿನ ಪಂಚಾಯಿತಿಕೆಯಲ್ಲಿ ಒಮ್ಮೆ ಕುಳಿತವರಿಗೆ ಈ ಪೇಚಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಇಪ್ಪತ್ತೈದರೊಳಗೆ ತಲೆಗಳು ಅದಲುಬದಲಾದ ಕಥೆಯೊಂದುಂಟು. ಗಂಡನ ತಲೆ ಬೇರೊಬ್ಬನ ಮುಂಡಕ್ಕೂ ಅವನ ತಲೆ ಗಂಡನ ಮುಂಡಕ್ಕೂ ಸೇರಿಬಿಟ್ಟರೆ ಹೆಂಡತಿಯು ಯಾರವಳು? ಅಂಗಗಳಲ್ಲಿ ತಲೆಯೇ ಪ್ರಧಾನವೆಂದು ರಾಜನು ತೀರ್ಪು ಕೊಟ್ಟು ಮುಗಿಸುವನು. ಜರ್ಮನಿಯ ತೋಮಸ್ ಮಾನ್ ಎಂಬ ಲೇಖಕನಿಗೆ ಈ ತೀರ್ಪು ಸಾಲಲಿಲ್ಲ. 1940ರಲ್ಲಿ ಅದನ್ನೇ ಬೆಳೆಯಿಸಿ ಬರೆದನು. ಅಲ್ಲಿಂದ ಅದು ನಮ್ಮ ಗಿರೀಶ ಕಾರ್ನಾಡರ ಕೈಗೆ ಬಂದು 1971ರಲ್ಲಿ 'ಹಯವದನ' ನಾಟಕವಾಯಿತು. ಅದನ್ನು ಪ್ರಕಟಿಸಿದವರು ನಮ್ಮ ಜಿಲ್ಲಾಕೇಂದ್ರವಾದ ಧಾರವಾಡದ ಮನೋಹರ ಗ್ರಂಥಮಾಲೆಯವರು, 1933ರಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಸಂಸ್ಥೆ. ಕಾಶ್ಮೀರದಿಂದ ಹೊರಟ ಒಂದು ಕಟ್ಟುಕಥೆಯು ಜರ್ಮನಿಯನ್ನು ಸುತ್ತಿ ಧಾರವಾಡದ ಅಟ್ಟಕ್ಕೆ ಬಂದು ಇಳಿದದ್ದನ್ನು ನೆನೆದಾಗ, ಅದ್ಭುತಕಥೆಯು ಹುಡುಗರ ಕಾಲಹರಣವೆಂಬ ಮಾತು ನನ್ನ ಕಿವಿಗೆ ರುಚಿಸುವದಿಲ್ಲ.

ಈ ಒರೆಗಲ್ಲನ್ನು ಹಿಡಿದೇ ಪರದೇಶದ ಹೊಸ ಅದ್ಭುತಗ್ರಂಥಗಳನ್ನು ಓದಿದೆನು. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕನಾಗಿದ್ದ ಟೋಲ್ಕಿನ್ನನು 1954-55ರಲ್ಲಿ ಪ್ರಕಟಿಸಿದ ಉಂಗುರದ ಬೃಹತ್ಕಥೆಯು ನನಗೆ ಬಹಳ ಸೇರಿತು. ಇದಕ್ಕೆ ವೈಯಾಕರಣನ ಪಕ್ಷಪಾತವೂ ಸ್ವಲ್ಪ ಕಾರಣವಿರಬೇಕು. ಆತನು ತನ್ನ ಯಕ್ಷಕಿನ್ನರರಿಗಾಗಿ ವ್ಯಾಕರಣಸಹಿತವಾದ ಭಾಷೆಗಳನ್ನು ಕಲ್ಪಿಸಿದವನು. ಆದರೆ ಮುಖ್ಯ ಕಾರಣ ಬೇರೆ. ಆ ಉಂಗುರವನ್ನು ಧರಿಸಿದವನಿಗೆ ಶಕ್ತಿ ಬರುವದು, ಹಾಗೂ ಅದೇ ಶಕ್ತಿಯು ಅವನನ್ನು ತಿನ್ನುವದು. ಆದ್ದರಿಂದ ಅದನ್ನು ಸುಟ್ಟುಹಾಕುವದೊಂದೇ ಮಾರ್ಗ. ಇಲ್ಲಿ ನಿಯಮವುಂಟು. ಬೇರೆ ಹಲವು ಪುಸ್ತಕಗಳಲ್ಲಿ ನಾಯಕನಿಗೆ ಸಂಕಟ ಬಂದಾಗಲೆಲ್ಲ ಹೊಸದೊಂದು ಮಂತ್ರ, ಹೊಸದೊಂದು ಖಡ್ಗ ಹುಟ್ಟಿಕೊಳ್ಳುವದು. ಅಂಥವನ್ನು ನಾನು ಅರ್ಧಕ್ಕೇ ಬಿಟ್ಟೆನು. ಬೆಲೆ ತೆರದೆ ದೊರೆತ ವರವನ್ನು ಓದುಗನು ನಂಬುವದಿಲ್ಲ.

ಇನ್ನು ಶೃಂಗಾರಕಥೆಗಳು. ಹನ್ನೆರಡನೆಯ ಶತಮಾನದ ನೇಮಿಚಂದ್ರನ 'ಲೀಲಾವತಿ'ಯಲ್ಲಿ ರಾಜಕುಮಾರನೂ ರಾಜಕುಮಾರಿಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಮೋಹಿತರಾಗುವರು. ಇದು ಸಂಸ್ಕೃತದ ಸುಬಂಧುವಿನ ಜಾಡು. ವರ್ಣನೆಯ ಹೊರೆ ತುಸು ಹೆಚ್ಚೆಂದು ವಿದ್ಯಾರ್ಥಿದೆಸೆಯಲ್ಲಿಯೇ ನನಗೆ ಅನಿಸಿತ್ತು, ಈಗಲೂ ಅನಿಸುವದು. ಈಗಿನ ವಾರಪತ್ರಿಕೆಯ ಧಾರಾವಾಹಿಗಳಲ್ಲಿ ವರ್ಣನೆಯ ಹೊರೆಯಿಲ್ಲ, ಬೇರೊಂದು ದೋಷವುಂಟು. ನಾಯಕನು ಧನಿಕ, ಮುಂಗೋಪಿ; ನಾಯಿಕೆಯು ಅವನ ಅಪಮಾನವನ್ನೆಲ್ಲ ನುಂಗುವಳು; ಕೊನೆಯ ಕಂತಿನಲ್ಲಿ ಅವನಿಗೆ ಪಶ್ಚಾತ್ತಾಪವಾಗುವದು, ಅವಳು ಕ್ಷಮಿಸುವಳು, ಎಲ್ಲವೂ ಸರಿಹೋಗುವದು. ಕಾಳಿದಾಸನು ದುಷ್ಯಂತನಿಗೆ ಇಷ್ಟು ಸುಲಭವಾಗಿ ಕ್ಷಮೆ ಕೊಡಿಸಲಿಲ್ಲ. ದೂರ್ವಾಸನ ಶಾಪದ ನೆವವನ್ನು ಇಟ್ಟೂ, ಒಂದು ಇಡಿಯ ಅಂಕದಷ್ಟು ಅವನನ್ನು ಬೇಯಿಸಿದನು.

ಆದರೆ ಹೆಂಗಸರ ಕಾದಂಬರಿಯೆಂದು ಮೂಗು ಮುರಿಯುವವರಿಗೆ ನಾನೊಂದು ಸಂಗತಿಯನ್ನು ಹೇಳಲೇಬೇಕಾಗಿದೆ. 1978ರ ಸುಮಾರಿನ ಮಾತು. ಆಗ ನನಗೆ ಹದಿಮೂರು ವರ್ಷ. ನಮ್ಮ ಸೋದರಮಾವನವರು ಹುಬ್ಬಳ್ಳಿಯ ಬಾಡಿಗೆ ಪುಸ್ತಕದ ಅಂಗಡಿಯಿಂದ ತಾಯಿಗಾಗಿ ಕಾದಂಬರಿಗಳನ್ನು ತರುತ್ತಿದ್ದರು. ತಂದೆಯವರು ವೈದಿಕರು, ಬಾಯಿಬಿಟ್ಟು ಬೇಡವೆನ್ನಲಿಲ್ಲ, ಆದರೆ ಆ ಪುಸ್ತಕಗಳು ಅವರ ಕಣ್ಣಿಗೆ ಬೀಳದಂತೆ ಅಡಿಗೆಮನೆಯ ಮಾಡದಲ್ಲಿಯೇ ಇರುತ್ತಿದ್ದವು. ಒಮ್ಮೆ ಬಂದದ್ದು ತ್ರಿವೇಣಿಯವರ 'ಶರಪಂಜರ'. 1928ರಲ್ಲಿ ಹುಟ್ಟಿ 1963ರಲ್ಲಿಯೇ ತೀರಿಕೊಂಡ ಆ ಲೇಖಕಿಯ ಗ್ರಂಥಗಳಲ್ಲಿ ಇದು ಬಹು ಪ್ರಸಿದ್ಧವಾದದ್ದು. ಪುಟ್ಟಣ್ಣ ಕಣಗಾಲರ ಚಲಚ್ಚಿತ್ರದಿಂದ ಓದದವರೂ ಬಲ್ಲರು. ಬಾಣಂತಿತನದಲ್ಲಿ ಚಿತ್ತಭ್ರಮೆಗೆ ಒಳಗಾದ ಕಾವೇರಿಯು ಗುಣಹೊಂದಿ ಮನೆಗೆ ಮರಳಿದರೂ, ಗಂಡನಾಗಲಿ ಮನೆಯವರಾಗಲಿ ಅವಳನ್ನು ಗುಣವಾದವಳೆಂದು ನಂಬುವದಿಲ್ಲ. ಆ ಅಪನಂಬಿಕೆಯೇ ಅವಳನ್ನು ಮತ್ತೆ ಕೆಡಿಸುವದು.

ಅದೇ ಬೇಸಿಗೆಯಲ್ಲಿ ನಮ್ಮ ಓಣಿಯ ಒಂದು ಮನೆಯ ಸೊಸೆಯು ಅಂಥದೇ ಕಾಹಿಲೆಗಾಗಿ ಎಂಟು ತಿಂಗಳು ದೂರದ ಆಸ್ಪತ್ರೆಯಲ್ಲಿದ್ದು ಮರಳಿದ್ದಳು. ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಂದ ಒಂದು ಮಾರು ದೂರ ಸರಿದು ನಿಲ್ಲುತ್ತಿದ್ದರು. ಅವಳ ಕೂಸನ್ನೇ ಅವಳ ಕೈಗೆ ಕೊಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಶಾವಿಗೆ ಹೊಸೆಯುವ ದಿನ ಓಣಿಯ ಏಳೆಂಟು ಜನ ಹೆಂಗಸರು ನೆರೆದಿದ್ದಾಗ ತಾಯಿಯು ಎದ್ದುಹೋಗಿ ಅವಳನ್ನು ಕರೆತಂದು, ತನ್ನ ಪಕ್ಕದಲ್ಲಿ ಒಂದು ಮಣೆ ಕೊಟ್ಟಳು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಆಗಿನ್ನೂ ವರ್ಷ ತುಂಬದ ನನ್ನ ತಂಗಿ ಅಳತೊಡಗಿದಳು. ತಾಯಿಯು ಹಿಟ್ಟಿನ ಕೈಯಲ್ಲಿಯೇ ಅವಳನ್ನೆತ್ತಿ ಆ ಸೊಸೆಯ ತೊಡೆಯ ಮೇಲೆ ಮಲಗಿಸಿ, ತಾನು ಮತ್ತೆ ಶಾವಿಗೆಗೆ ಕುಳಿತಳು. ಒಬ್ಬಿಬ್ಬರು ಎದ್ದು ಹೋದರೆಂದು ನೆನಪು. ಉಳಿದವರು ಕುಳಿತರು.

ರಾತ್ರಿ ತಂದೆಯವರು ಕೇಳಿದರು, ಅಷ್ಟು ಧೈರ್ಯ ಹೇಗೆ ಬಂತೆಂದು. "ಅಷ್ಟೂ ಮಾಡಲಿಲ್ಲಂದ್ರ ಆ ಪುಸ್ತಕಾ ಓದಿ ಏನು ಬಂತ್ರಿ?" ಎಂದಳು ತಾಯಿ. ಯಾವ ಪುಸ್ತಕವೆಂದು ಅವರು ಕೇಳಲಿಲ್ಲ. ಮುಂದಿನ ವಾರ ಸೋದರಮಾವನವರು ಬಂದಾಗ ಪುಸ್ತಕದ ಬಾಡಿಗೆಯನ್ನು ತಾವೇ ಕೊಟ್ಟರು. ಸಹೃದಯನ ಲಕ್ಷಣವನ್ನು ಅಭಿನವಗುಪ್ತನಲ್ಲಿ ಓದಿದ್ದು ನಾನು ಹತ್ತು ವರ್ಷಗಳ ಮೇಲೆ. ಅದರ ಉದಾಹರಣೆಯನ್ನು ಮಾತ್ರ ಮೊದಲೇ ಕಂಡಿದ್ದೆನು.

ಆ ದಿನ ಅತ್ತ ತಂಗಿಯ ಮಗಳು ಈಗ ಹುಬ್ಬಳ್ಳಿಯಲ್ಲಿ ಕಾಲೇಜು ಓದುವಳು. ಮಾಂಗಾ ಎಂಬ ಜಪಾನೀ ಚಿತ್ರಕಥೆಯನ್ನು ನಮ್ಮ ಮನೆಗೆ ತಂದವಳು ಅವಳೇ. "ಮಂಗ್ಯಾನ ಪುಸ್ತಕಾ ಏನವಾ ಅದು?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದಳು, ಪುಟ ತೆರೆದು ನೋಡಿದರೆ ಅದರಲ್ಲಿ ಇಲಿ, ಬೆಕ್ಕು, ಮಂಗ ಎಲ್ಲವೂ ಇದ್ದವು! ಮಾಂಗಾ ಎಂದರೆ ಮನಬಂದಂತೆ ಬರೆದ ಚಿತ್ರಗಳೆಂದು ಅರ್ಥ. ಹೊಕುಸಾಯಿ ಎಂಬ ಪ್ರಸಿದ್ಧ ಚಿತ್ರಕಾರನು 1814ರಿಂದ ಹೊರತಂದ ತನ್ನ ಚಿತ್ರಸಂಪುಟಗಳಿಗೆ ಇದೇ ಹೆಸರನ್ನಿಟ್ಟನು.

ಚಿತ್ರಕಥೆ ನಮಗೆ ಹೊಸತಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರಿನೊಡನೆ ಬೆಳೆದ 'ಅಮರ ಚಿತ್ರಕಥೆ'ಯ ಮೊದಲ ಹತ್ತು ಪುಸ್ತಕಗಳು 1965ರ ಸುಮಾರಿಗೆ ಬೆಂಗಳೂರಿನ ಜಿ. ಕೆ. ಅನಂತರಾಮರ ಪ್ರೇರಣೆಯಿಂದ ಕನ್ನಡದಲ್ಲಿಯೇ ಬಂದವು. ಆದಕಾರಣ ಇಂಗ್ಲಿಷ್ ಮಾಲೆಯ ಎಣಿಕೆ ಹನ್ನೊಂದರಿಂದ ಮೊದಲಾಗುವದು. ತಮಾಷೆಯೆಂದರೆ, ಆ ಹತ್ತೂ ಪಾಶ್ಚಾತ್ಯರ ಮಕ್ಕಳ ಕಥೆಗಳು! ಕೃಷ್ಣನು ಬಂದದ್ದು ಆಮೇಲೆ. ಆ ಪುಸ್ತಕಗಳಿಗೆ ನಾನು ಋಣಿ. ಆದರೆ ಅವುಗಳಲ್ಲಿ ಚಿತ್ರವು ಮಾತಿನ ಹಿಂದೆ ಹಿಂದೆ ಬರುವದು. ಮೇಲೆ ಬರೆದದ್ದನ್ನೇ ಕೆಳಗೆ ಬಿಡಿಸಿರುವದು.

ತಂಗಿಯ ಮಗಳು ಮೊದಲು ಕೊಟ್ಟದ್ದು ನತ್ಸುಕಿ ತಕಾಯಾ ಎಂಬ ಲೇಖಕಿಯು 1998ರಿಂದ 2006ರ ವರೆಗೆ ಬರೆದ 'ಫ್ರೂಟ್ಸ್ ಬಾಸ್ಕೆಟ್'. ನಾನು ಎಂದಿನಂತೆ ಎಡದ ರಟ್ಟನ್ನು ತೆರೆದೆನು. "ಮಾಮಾ, ಹಂಗಲ್ರಿ, ಹಿಂದಿನಿಂದ ಸುರು ಮಾಡ್ರಿ, ಬಲಗಡೆಯಿಂದ" ಎಂದಳು. ಜಪಾನೀಯರ ಕ್ರಮವೇ ಹಾಗೆ. ಹತ್ತು ಪುಟಗಳವರೆಗೆ ಕಣ್ಣು ಎಡವಿತು. ಆಮೇಲೆ ಒಂದು ನೆನಪಾಯಿತು. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಸೋಮನಾಥಪುರಕ್ಕೆ ಕರೆದೊಯ್ದಿದ್ದೆನು. 1258ರ ಆ ಹೊಯ್ಸಳ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣಾದಿ ಕಥೆಗಳು ಪಟ್ಟಿಕೆಯಾಗಿ ಸಾಗುವವು. ಪ್ರದಕ್ಷಿಣೆ ಬರುತ್ತ ನೋಡಬೇಕು. ಪ್ರದಕ್ಷಿಣೆಯಲ್ಲಿ ಗುಡಿಯು ನಮ್ಮ ಬಲಕ್ಕಿರುವದು. ಗೋಡೆಗೆ ಮುಖಮಾಡಿ ನಿಂತರೆ ನಾವು ಸರಿಯುವದು ಎಡಕ್ಕೆ. ಅಂದರೆ ಕಥೆಯು ಬಲದಿಂದ ಎಡಕ್ಕೆ ಓಡುವದು. ಚೌಕದಿಂದ ಚೌಕಕ್ಕೆ, ಮಾಂಗಾದ ಹಾಗೆಯೇ! ತರೀಕೆರೆ ಸೀಮೆಯ ಅಮೃತಾಪುರದಲ್ಲಿ, 1196ರ ಗುಡಿಯಲ್ಲಿ, ರಾಮಾಯಣವನ್ನು ಮಾತ್ರ ಅಪ್ರದಕ್ಷಿಣವಾಗಿ ಕೆತ್ತಿರುವರು. ಅದು ಎಡದಿಂದ ಬಲಕ್ಕೆ, ನಮ್ಮ ಪುಸ್ತಕದಂತೆ ಓದಿಸಿಕೊಳ್ಳುವದು. ನಮ್ಮ ಶಿಲ್ಪಿಗಳಿಗೆ ಎರಡೂ ಬರುತ್ತಿತ್ತು. ಇದನ್ನು ಹೇಳಿದಾಗ ಅವಳು ನಕ್ಕು, ಹಾಗಾದರೆ ಮುಂದಿನ ಸಂಪುಟವನ್ನು ಪ್ರದಕ್ಷಿಣೆ ಹಾಕಿಯೇ ಓದಿರೆಂದಳು.

ಆ ಕಥೆಯಲ್ಲಿ ಅದ್ಭುತವೂ ಶೃಂಗಾರವೂ ಕೂಡಿರುವವು. ತಾಯಿಯನ್ನು ಕಳೆದುಕೊಂಡು ಡೇರೆಯಲ್ಲಿ ವಾಸಿಸುವ ತೋಹ್ರು ಎಂಬ ಹುಡುಗಿಗೆ ಸೋಹ್ಮಾ ಎಂಬ ಮನೆತನದ ಆಶ್ರಯ ದೊರೆಯುವದು. ಆ ಮನೆತನಕ್ಕೊಂದು ಶಾಪವುಂಟು. ಅವರಲ್ಲಿ ಕೆಲವರು, ಪರಲಿಂಗದವರು ಅಪ್ಪಿಕೊಂಡ ಕೂಡಲೆ ಇಲಿಯೋ ಬೆಕ್ಕೋ ನಾಯಿಯೋ ಆಗಿಬಿಡುವರು. ಓದುತ್ತ ನಗು ಬರುವದು. ನಿಧಾನವಾಗಿ ಯೋಚಿಸಿದರೆ ಇದು ಬಾಣನ ದಾರಿಯೇ: ಪ್ರೀತಿಗೂ ಅದರ ಫಲಕ್ಕೂ ನಡುವೆ ಶಾಪವನ್ನಿಟ್ಟು, ಕಾಯುವವರ ಶೀಲವನ್ನು ಪರೀಕ್ಷಿಸುವದು. ಪುಸ್ತಕದ ಹೆಸರು ಒಂದು ಆಟದ್ದು. ಮಕ್ಕಳಿಗೆ ಒಂದೊಂದು ಹಣ್ಣಿನ ಹೆಸರಿಟ್ಟು ಕರೆದಾಗ ಏಳಬೇಕು. ಬಾಲ್ಯದಲ್ಲಿ ಉಳಿದ ಹುಡುಗರು ಕೀಟಲೆಗಾಗಿ ತೋಹ್ರುವಿಗೆ ಅನ್ನದ ಉಂಡೆಯೆಂದು ಹೆಸರಿಟ್ಟಿದ್ದರು. ಹಣ್ಣಿನ ಬುಟ್ಟಿಯಲ್ಲಿ ಅನ್ನದ ಉಂಡೆಯನ್ನು ಯಾರು ಕರೆಯುವರು? ಕೊನೆಯವರೆಗೂ ಅವಳು ಕುಳಿತೇ ಇದ್ದಳು. ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಹಾಜರಿ ಕರೆದ ನಾನು ಆ ಪುಟದಲ್ಲಿ ಬಹಳ ಹೊತ್ತು ನಿಂತೆನು. ಯಾವ ಯಾವ ಮುಖಗಳು ನೆನಪಾದವೆಂಬದು ಇಲ್ಲಿ ಬೇಡ.

ದೋಷವನ್ನೂ ಹೇಳುವೆನು. ಮುಖಗಳೆಲ್ಲ ಒಂದೇ ಅಚ್ಚಿನವು. ಯಾರು ಯಾರೆಂಬದನ್ನು ಕೂದಲಿನಿಂದ ಗುರುತಿಸಬೇಕು. ಕಣ್ಣುಗಳು ಹೋಳಿಗೆಯ ಗಾತ್ರದವು. ಇಪ್ಪತ್ಮೂರು ಸಂಪುಟಗಳಷ್ಟು ಎಳೆಯುವ ಅಗತ್ಯವಿರಲಿಲ್ಲ.

ಎರಡನೆಯದಾಗಿ ಓದಿದ್ದು ಒಸಾಮು ತೆಜುಕಾ ಅವರ 'ಬುದ್ಧ'; 1972ರಿಂದ 1983ರ ವರೆಗೆ ಬಂದದ್ದು. ಈತನು ವೈದ್ಯಶಾಸ್ತ್ರ ಓದಿಯೂ ಚಿತ್ರಕಥೆಯನ್ನು ಆರಿಸಿಕೊಂಡವನು, 1945ರಲ್ಲಿ ಒಸಾಕಾ ನಗರದ ಮೇಲೆ ಬಾಂಬು ಬಿದ್ದಾಗ ಅಲ್ಲಿ ವಿದ್ಯಾರ್ಥಿಯಾಗಿದ್ದವನು, 1989ರಲ್ಲಿ ತೀರಿಕೊಂಡನು. ಅಶ್ವಘೋಷನ ಬುದ್ಧಚರಿತವನ್ನು ಪಾಠ ಹೇಳಿದ ನನಗೆ ಇದನ್ನು ತೆರೆಯುವಾಗ ಕುತೂಹಲವೂ ಶಂಕೆಯೂ ಸಮವಾಗಿದ್ದವು. ಅಶ್ವಘೋಷನಲ್ಲಿ ಮೊದಲ ಸರ್ಗದಲ್ಲಿಯೇ ಕುಮಾರನ ಜನ್ಮ. ತೆಜುಕಾನಲ್ಲಿ ಇಡಿಯ ಮೊದಲ ಸಂಪುಟವು ಬೇರೆಯವರಿಗೆ ಮೀಸಲು: ಚಾಪ್ರಾ ಎಂಬ ದಾಸಬಾಲಕ, ಅವನ ತಾಯಿ, ಹಾಗೂ ಪ್ರಾಣಿಗಳೊಳಗೆ ಮನಸ್ಸನ್ನು ಹೊಗಿಸಬಲ್ಲ ತತ್ತಾ ಎಂಬ ಅಸ್ಪೃಶ್ಯರ ಕೂಸು. ಚಾಪ್ರಾ ಕೋಸಲದ ಸೇನಾಪತಿಯನ್ನು ಸಾವಿನಿಂದ ಉಳಿಸಿ ಅವನ ದತ್ತುಪುತ್ರನಾಗುವನು, ಕುಲವನ್ನು ಮುಚ್ಚಿಟ್ಟು ಮೇಲೇರುವನು. ತಾಯಿಯು ದಾಸಿಯೆಂಬದು ಹೊರಬಿದ್ದಾಗ ಅವಳನ್ನು ಬಿಟ್ಟುಕೊಡದೆ ಅವಳೊಡನೆಯೇ ಸಾಯುವನು. ಇವರಾರೂ ಅಶ್ವಘೋಷನಲ್ಲಿಲ್ಲ, ತೆಜುಕಾನ ಸೃಷ್ಟಿ. ಸಿದ್ಧಾರ್ಥನು ಹುಟ್ಟುವ ಮೊದಲು ಅವನು ಏಕೆ ಬೇಕಾಗಿದ್ದನೆಂಬದನ್ನು ತೋರಿಸುವದಕ್ಕಾಗಿಯೇ ಈ ಸಂಪುಟವಿರುವಂತಿದೆ. ಮಹಾಕಾವ್ಯದ ಕವಿಗೆ ಹೊಳೆಯದ ಒಂದು ಔಚಿತ್ಯ ಈ ಚಿತ್ರಕಾರನಿಗೆ ಹೊಳೆದಿರುವದು.

ಬೆಂಕಿಗೆ ಹಾರಿ ಅತಿಥಿಗೆ ತನ್ನನ್ನೇ ಆಹಾರವಾಗಿ ಕೊಟ್ಟ ಮೊಲದ ಕಥೆ ಜಾತಕಮಾಲೆಯಲ್ಲಿರುವದು. ತೆಜುಕಾ ತನ್ನ ಗ್ರಂಥದ ಆರಂಭದಲ್ಲಿಯೇ ಇದನ್ನು ಹೆಚ್ಚು ಮಾತಿಲ್ಲದೆ, ಬರಿಯ ಚಿತ್ರಗಳಲ್ಲಿ ಹೇಳಿರುವನು. ಮುದುಕನ ಮುಖ, ಮೊಲದ ಮುಖ ಕೆಲವೇ ಗೆರೆಗಳಲ್ಲಿ. ಹಿಂದಿನ ಬೆಟ್ಟ, ಹಿಮ ಮಾತ್ರ ಬಹು ಸೂಕ್ಷ್ಮವಾಗಿ. ಮುಖವನ್ನು ಇಷ್ಟು ಸರಳಗೊಳಿಸಿದ್ದೇಕೆಂದು ಯೋಚಿಸುತ್ತಿರಲು, ಭಟ್ಟನಾಯಕನ ಸಾಧಾರಣೀಕರಣವು ನೆನಪಿಗೆ ಬಂತು. ಇಂಥವನದೇ ಎನ್ನುವ ಗುರುತು ಕಡಿಮೆಯಾದಷ್ಟೂ ಆ ದುಃಖವು ಎಲ್ಲರದಾಗುವದು.

ಸೇರದ ಸಂಗತಿ ಎರಡುಂಟು. ಗಂಭೀರವಾದ ಸನ್ನಿವೇಶದ ನಡುವೆ ತೆಜುಕಾ ಇಂದಿನ ಕಾಲದ ಚೇಷ್ಟೆಯ ಮಾತು ತುರುಕುವನು, ಒಮ್ಮೊಮ್ಮೆ ತಾನೇ ಚಿತ್ರದಲ್ಲಿ ಇಣಿಕುವನು. ವಿದೂಷಕನಿಗೆ ನಮ್ಮಲ್ಲಿಯೂ ಸ್ಥಾನವುಂಟು, ಆದರೆ ಮರಣಶಯ್ಯೆಯ ಬಳಿಯಲ್ಲಲ್ಲ. ಎರಡನೆಯದು, ಪಾತ್ರಗಳು ಬಹಳ ಕಡೆ ಅರೆಬತ್ತಲೆ. ಅಜಂತೆಯ ಭಿತ್ತಿಗಳನ್ನು ಕಂಡವರಿಗೆ ಇದು ವಿಕಾರವೆನಿಸದು. ಆದರೂ ಹಿಂಸೆಯ ಚಿತ್ರಗಳು ಸೇರಿ ಈ ಗ್ರಂಥವು ಸಣ್ಣ ಮಕ್ಕಳಿಗೆ ತಕ್ಕದ್ದಲ್ಲ. ಹದಿನಾಲ್ಕು ಹದಿನೈದು ದಾಟಿದವರಿಗೆ ಕೊಡಬಹುದು, ಮನೆಯ ಹಿರಿಯರು ತಾವು ಮೊದಲು ಓದಿ.

ಹಾಗೆಯೇ ನಾನೂ ಒಬ್ಬನಿಗೆ ಕೊಟ್ಟೆನು. ನಮ್ಮ ಹೊಲದಲ್ಲಿ ದುಡಿಯುವವರ ಮಗ, ಹತ್ತನೆಯ ತರಗತಿ. ಪಠ್ಯಪುಸ್ತಕ ಕಂಡರೆ ನಿದ್ದೆ ಬರುವವನು. ಇಂಗ್ಲಿಷು ಅಷ್ಟಕ್ಕಷ್ಟೆ. ಚಿತ್ರದ ಬಲದಿಂದ ಎರಡು ರಾತ್ರಿಗಳಲ್ಲಿ ಮೊದಲ ಸಂಪುಟವನ್ನು ಮುಗಿಸಿ, ಮೂರನೆಯ ದಿನ ಕಟ್ಟೆಯ ಮೇಲೆ ಬಂದು ಕುಳಿತನು.

"ಸರ್, ಈ ಚಾಪ್ರಾ ಅನ್ನಾಂವಾ ಖರೇನ ಇದ್ದನೇನ್ರಿ?"

ಇರಲಿಲ್ಲ, ಅದು ಬರೆದವರ ಕಲ್ಪನೆ ಎಂದೆನು.

"ಅವರವ್ವಾನೂ ಇರಲಿಲ್ಲೇನ್ರಿ?"

ಆ ಕಾಲದಲ್ಲಿ ದಾಸಿಯರು ಸಾವಿರಾರು ಜನ ಇದ್ದರು, ಅವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ ಎಂದು ಉತ್ತರ ಕೊಟ್ಟೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎರಡನೆಯ ಸಂಪುಟ ಎಲ್ಲಿದೆಯೆಂದು ಕೇಳಿದನು. ಅದು ಹುಬ್ಬಳ್ಳಿಯಲ್ಲಿ ತಂಗಿಯ ಮನೆಯಲ್ಲಿರುವದು. ಬರುವ ಗುರುವಾರ ಹೋಗಿ ತರಬೇಕು.